ಕಂಟ್ರೋಲ್ ರೂಮಿಗೆ ಬಂದ ಒಗ್ಗರಣೆ

ನಮ್ಮ ಊರಿನಲ್ಲಿ ಒಂದು ಮನೆಯ ಒಗ್ಗರಣೆ ಇನ್ನೊಂದು ಮನೆಯಲ್ಲಿ ಘಮ್ಮೆನ್ನುತ್ತದೆ. ಪಕ್ಕದ ಮನೆಯಲ್ಲಲ್ಲ. ಪಕ್ಕದ ಮನೆಯದು ಎಲ್ಲ ಊರಲ್ಲೂ ಬರುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ? ಇಲ್ಲಿ ಕೆರೆ ಓಣಿಯ ಒಲೆಯ ಮೇಲೆ ಸಾಸಿವೆ ಸಿಡಿದರೆ ಊರ ಇನ್ನೊಂದು ತುದಿಯ ಗಿರಣಿ ಹಿಂದಿನ ಮನೆಯ ಪಡಸಾಲೆಯಲ್ಲಿ ಅದೇ ಗಳಿಗೆಗೆ ವಾಸನೆ ಏಳುತ್ತದೆ. ಬಾಗಿಲು ಹಾಕಿ, ಕಿಟಕಿ ಹಾಕಿ, ಬೇಕಾದರೆ ಗೋಡೆಗೆ ಇನ್ನೊಂದು ಗೋಡೆ ಕಟ್ಟಿ, ಬರುವುದು ಬಂದೇ ಬರುತ್ತದೆ. ಇಂಥ ಮನೆಗೆ ಇಂಥ ಮನೆಯದು ಎಂದು ಒಮ್ಮೆ ಗೊತ್ತಾದರೆ ಮುಗಿಯಿತು, ತಲೆಮಾರು ಕಳೆದರೂ ಬದಲಾಗುವುದಿಲ್ಲ. ಅವರನ್ನು ನಾವು ಒಗ್ಗರಣೆ ನೆಂಟರು ಎನ್ನುತ್ತೇವೆ. ರಕ್ತದ ನೆಂಟರಾದರೆ ಮುನಿಸಿಕೊಂಡು ಮಾತು ಬಿಡಬಹುದು. ಒಗ್ಗರಣೆ ನೆಂಟರನ್ನು ಬಿಡುವಂತಿಲ್ಲ, ದಿನಕ್ಕೆರಡು ಸಲ ಮೂಗಿನಲ್ಲೇ ಬಂದು ಕೂರುತ್ತಾರೆ.

ನಮ್ಮ ಮನೆಗೆ ಬರುವುದು ಅಂಚೆ ಕಚೇರಿಯ ಗುರುಪಾದಪ್ಪನವರ ಮನೆಯದು. ಅವರಿಗೆ ಸಕ್ಕರೆ ಕಾಯಿಲೆ, ವಾರಕ್ಕೆ ನಾಲ್ಕು ದಿನ ಹಾಗಲಕಾಯಿ. ನಾನು ಹೋಳಿಗೆ ತಟ್ಟುತ್ತ ಕೂತಿದ್ದರೂ ಮನೆಯೆಲ್ಲ ಹಾಗಲಕಾಯಿ. ಹೋಗಿ ಜಗಳ ಮಾಡಲು ಬರುತ್ತದೆಯೇ? ಅವರೇ ನಾಚಿಕೊಂಡು ಸೋಮವಾರಕ್ಕೊಮ್ಮೆ ಒಂದು ಬಟ್ಟಲು ಪಲ್ಯ ಕಳಿಸುತ್ತಾರೆ, ಅದೂ ಹಾಗಲಕಾಯಿಯದೇ. ವಾಸನೆ ಕೊಟ್ಟವರು ಪಾಲನ್ನೂ ಕೊಡಬೇಕು ಎಂಬುದು ಊರಿನ ಪದ್ಧತಿ. ವಾಸನೆ ಹೋದ ಮನೆಯಲ್ಲಿ ಬಸುರಿ ಇದ್ದರಂತೂ ಅವತ್ತಿನದು ಅವತ್ತೇ ಮುಟ್ಟಿಸಬೇಕು. ಸಿಟ್ಟು ಬಂದಾಗ ಬೇಕೆಂದೇ ಒಣಮೆಣಸಿನಕಾಯಿ ಹುರಿದು ನೆಂಟರನ್ನು ಕೆಮ್ಮಿಸುವ ಮಹಾತಾಯಂದಿರೂ ಇದ್ದಾರೆ, ಅವರಿಗೆ ಹಿರಿಯರು ಛೀಮಾರಿ ಹಾಕುತ್ತಾರೆ. ಹಾಗೆಯೇ ಒಂದು ಮನೆಯ ಒಲೆ ಹೊತ್ತದ ದಿನ ಮೊದಲು ತಿಳಿಯುವುದೂ ನೆಂಟರಿಗೇ. ಹನ್ನೊಂದಕ್ಕೆ ಬರಬೇಕಾದ ವಾಸನೆ ಬಾರದಿದ್ದರೆ, ಅಯ್ಯೋ ಯಾರಿಗೆ ಏನಾಯಿತೋ ಎಂದು ಚಪ್ಪಲಿ ಮೆಟ್ಟಿಕೊಂಡು ಓಡುತ್ತೇವೆ. ನನ್ನ ಅವ್ವ ತೀರಿಕೊಂಡ ದಿನ ನಾನು ಯಾರಿಗೂ ಹೇಳಿ ಕಳಿಸಿರಲಿಲ್ಲ. ನಮ್ಮ ವಾಸನೆ ಹೋಗುವ ಬಡಿಗೇರ ಮನೆಯವರು ಮಧ್ಯಾಹ್ನದ ಹೊತ್ತಿಗೆ ಬುತ್ತಿ ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು.

ಇಡೀ ಊರಿನಲ್ಲಿ ಒಂದೇ ಒಂದು ಒಲೆಗೆ ನೆಂಟರಿರಲಿಲ್ಲ. ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುವ ನೀಲವ್ವನ ಒಲೆ ಅದು. ದಿನಕ್ಕೆ ಅರವತ್ತು ಊಟ ಬೇಯಿಸುವ ಒಲೆ, ಆಕೆ ಕಟ್ಟಿಗೆಯನ್ನೇ ಉರಿಸುತ್ತಾಳೆ, ರೊಟ್ಟಿ ಗ್ಯಾಸಿನ ಮೇಲೆ ಉಬ್ಬುವುದಿಲ್ಲ ಎನ್ನುತ್ತಾಳೆ. ಅಷ್ಟೆಲ್ಲ ವಾಸನೆ ಬೀದಿಗೆ ಹೋಗುತ್ತಿತ್ತೇ ಹೊರತು ಯಾರ ಮನೆಗೂ ಹೋಗುತ್ತಿರಲಿಲ್ಲ. ಊಟ ಮಾರುವ ಒಲೆಗೆ ನಂಟು ಕೂಡುವುದಿಲ್ಲ ಎಂದು ಹಳಬರು ಷರಾ ಬರೆದುಬಿಟ್ಟಿದ್ದರು. ಮದುವೆ ಮನೆಗಳಲ್ಲಿ ಒಗ್ಗರಣೆ ನೆಂಟರಿಗೆ ಕರೆದು ಉಡಿ ತುಂಬುವಾಗ ನೀಲವ್ವ ಅಡುಗೆಮನೆಯಲ್ಲೇ ಏನಾದರೂ ಕೆಲಸ ಹಚ್ಚಿಕೊಂಡು ನಿಲ್ಲುತ್ತಿದ್ದಳು. ಆಕೆ ನನ್ನ ಅವ್ವನ ಗೆಳತಿ, ನಾನು ಚಿಗವ್ವ ಎಂದೇ ಕರೆಯುವುದು. ಒಮ್ಮೆ ಸೊಪ್ಪು ಸೋಸುತ್ತ ಕೂತಿದ್ದಾಗ ತಾನಾಗಿಯೇ ಅಂದಳು, "ದಾಕ್ಷಾಯಣಿ, ನಾ ಸತ್ತರ ಯಾರಿಗೆ ಮೊದಲ ತಿಳೀತೈತಿ ಹೇಳು?" ನಾನು, "ಹುಚ್ಚಿ ಹಂಗ ಮಾತಾಡಬ್ಯಾಡ ಚಿಗವ್ವಾ, ಅರವತ್ತು ಮಂದಿ ಉಣ್ಣಾಕ ಬರ್ತಾರ" ಎಂದೆ. "ಹೌದು, ಅವರಿಗೆ ಹಸಿವಾದಾಗ ತಿಳೀತೈತಿ" ಎಂದಳು. ನಗುತ್ತಲೇ ಅಂದಳು. ಅವತ್ತು ನನಗೆ ಊಟ ಸೇರಲಿಲ್ಲ.

ಇನ್ನು ನನ್ನ ವಿಷಯ. ಊರ ಹೊರಗೆ ಅಣು ವಿದ್ಯುತ್ ಸ್ಥಾವರ ಎದ್ದಿತಲ್ಲ, ಅದರಲ್ಲಿ ಗಾಳಿಯ ಕೆಲಸ ನನ್ನದು. ಫ್ಯಾನು, ಫಿಲ್ಟರು, ಗಾಳಿ ಓಡಾಡುವ ದೊಡ್ಡ ತಗಡಿನ ಡಕ್ಟುಗಳು, ಇವೆಲ್ಲ ನನ್ನ ಕೈಕೆಳಗೆ. ಯಂತ್ರವಿದ್ಯೆ ಓದಿದ ಹೆಣ್ಣು ಎಂದು ಮೊದಮೊದಲು ಎಲ್ಲರೂ ನನ್ನನ್ನು ಬೆರಗಿನಿಂದ ನೋಡುತ್ತಿದ್ದರು, ಒಂದು ವಾರ ನನ್ನ ಬಾಯಿ ಕೇಳಿದ ಮೇಲೆ ನೋಡುವುದು ಬಿಟ್ಟರು. ಸ್ಥಾವರದಲ್ಲಿ ನೂರೆಂಟು ಕೋಣೆಗಳಿದ್ದರೂ ನನ್ನ ಜೀವವೆಲ್ಲ ಇದ್ದುದು ಒಂದರಲ್ಲಿ, ಕಂಟ್ರೋಲ್ ರೂಮಿನಲ್ಲಿ. ಹೊರಗೆ ಏನಾದರೂ ಅನಾಹುತವಾಗಿ ಗಾಳಿಗೆ ವಿಷ ಸೇರಿದರೆ ಉಳಿದವರೆಲ್ಲ ಓಡಿಹೋಗಬಹುದು, ಆ ಕೋಣೆಯ ಎಂಟು ಜನ ಓಡುವಂತಿಲ್ಲ. ಅವರು ಕೂತಲ್ಲೇ ಕೂತು ಸ್ಥಾವರವನ್ನು ತಣ್ಣಗೆ ಮಾಡಬೇಕು. ಒಂದು ದಿನವೋ, ಹತ್ತು ದಿನವೋ. ಅಷ್ಟೂ ಹೊತ್ತು ಅವರು ಉಸಿರಾಡುವ ಗಾಳಿ ಶುದ್ಧವಾಗಿರಬೇಕು. ಅದಕ್ಕೆ ಹೊರಗಿನ ಗಾಳಿಯನ್ನು ಇದ್ದಿಲು ತುಂಬಿದ ದೊಡ್ಡ ಪೆಟ್ಟಿಗೆಯೊಳಗಿಂದ ಸೋಸಿ ಕೋಣೆಗೆ ತುಂಬುತ್ತೇವೆ. ಒಳಗೆ ಗಾಳಿಯ ಒತ್ತಡ ಹೊರಗಿಗಿಂತ ತುಸು ಹೆಚ್ಚಿರುತ್ತದೆ, ಹಾಗಾಗಿ ಸಂದು ಇದ್ದರೂ ಅದರಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ಬರುವುದಿಲ್ಲ. ಸ್ಥಾವರ ಶುರುವಾಗುವ ಮುಂಚೆ ಇದನ್ನೆಲ್ಲ ಪರೀಕ್ಷೆ ಮಾಡಿ, ಈ ಕೋಣೆಯ ಗಾಳಿ ನಂಬಬಹುದು ಎಂದು ಒಬ್ಬರು ಸಹಿ ಹಾಕಬೇಕು. ಆ ಒಬ್ಬರು ನಾನೇ. ಆ ಎಂಟು ಜನರಲ್ಲಿ ಒಬ್ಬ ಪಂಚಾಕ್ಷರಿ, ನನ್ನ ತಮ್ಮ. ಅವ್ವ ಹೋದ ಮೇಲೆ ನಾನೇ ಬೆಳೆಸಿದವನು.

ಆರು ತಿಂಗಳ ಹಿಂದೆ, ಆ ಕೋಣೆಯ ಫ್ಯಾನನ್ನು ಮೊದಲ ಸಲ ಓಡಿಸಿದ ವಾರ, ಒಂದು ದಿನ ಹನ್ನೊಂದೂವರೆಗೆ ಅಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತು. ಬೇರೆ ಊರಿನ ಫೋರ್‌ಮನ್ ಆಗಿದ್ದರೆ ಅವತ್ತೇ ಏಣಿ ಹತ್ತಿ ಎಲ್ಲಿ ತೂತಿದೆ ಎಂದು ಹುಡುಕುತ್ತಿದ್ದ. ನಾನು ಈ ಊರಿನವಳು. ನಾನು ಕೈ ತಟ್ಟಿ, "ಅಗಾ! ಕೋಣೆಗೆ ನೆಂಟರು ಬಂದ್ರು!" ಎಂದೆ. ಎಂಟೂ ಜನ ಚಪ್ಪಾಳೆ ಹೊಡೆದರು. ಹೊಸ ಮನೆ ಕಟ್ಟಿದಾಗ ಮಾಡುವಂತೆ ಮರುದಿನವೇ ಊರಲ್ಲಿ ವಿಚಾರಿಸಲು ಹೊರಟೆ. ಎಲ್ಲ ಒಲೆಗಳ ವಾಸನೆಗೂ ಆಗಲೇ ಒಂದೊಂದು ಮನೆ ಇತ್ತು. ಉಳಿದಿದ್ದು ನೀಲವ್ವನದೊಂದೇ. ಖಾನಾವಳಿಗೆ ಹೋಗಿ, "ಚಿಗವ್ವಾ, ನಿನ್ನೆ ಹನ್ನೊಂದೂವರಿಗೆ ಏನ್ ಮಾಡಿದ್ದಿ?" ಎಂದು ಕೇಳಿದೆ. "ಹೆಸರಬ್ಯಾಳಿಗೆ ಬಳ್ಳೊಳ್ಳಿ ಒಗ್ಗರಣಿ ಕೊಟ್ಟೆ, ಯಾಕ?" ಎಂದಳು. ನಾನು ಹೇಳಿದೆ. ಆಕೆ ಕೈಯಲ್ಲಿದ್ದ ಹಿಟ್ಟು ಕೊಡವಿಕೊಳ್ಳದೆ ನನ್ನ ಎರಡೂ ಕೆನ್ನೆ ಹಿಡಿದುಕೊಂಡಳು. ಅವತ್ತು ಉಂಡವರಿಗೆಲ್ಲ ಹುಗ್ಗಿ ಬಡಿಸಿದಳು.

ಅಂದಿನಿಂದ ಸೋಮವಾರ ಬಂದರೆ ಸ್ಥಾವರದ ಗೇಟಿಗೆ ನೀಲವ್ವನ ಪಾಲು ಬರುತ್ತಿತ್ತು, ಎಂಟು ಜನರಿಗೆ ಎಂಟು ಡಬ್ಬಿ. ಭದ್ರತೆಯವರು ಮೊದಲು ಕೊಸರಾಡಿದರು, ಆಮೇಲೆ ಅವರಿಗೂ ಎರಡು ಡಬ್ಬಿ ಬರತೊಡಗಿದ ಮೇಲೆ ಸುಮ್ಮನಾದರು. ಮದುವೆ ಮನೆಗಳಲ್ಲಿ ನೀಲವ್ವನನ್ನು ಕರೆದು ಉಡಿ ತುಂಬಿದರು. "ನಿಮ್ಮ ನೆಂಟರು ಯಾರವಾ?" ಎಂದು ಯಾರಾದರೂ ಬೇಕೆಂದೇ ಕೇಳಿದರೆ, "ಕಂಟ್ರೋಲ್ ರೂಮಿನೋರು" ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನನಗೂ ಹೆಮ್ಮೆಯೋ ಹೆಮ್ಮೆ. ನಾನೇ ಹುಡುಕಿಕೊಟ್ಟ ನಂಟಲ್ಲವೇ!

ಕೊನೆಯ ಪರೀಕ್ಷೆಗೆ ಸ್ಥಾವರಗಳ ಸುರಕ್ಷತೆ ನೋಡುವ ಮಂಡಳಿಯಿಂದ ಮುಕುಂದರಾಯರು ಬಂದರು. ದೂರದ ಊರಿನವರು, ಮೆಲುದನಿಯ ಮನುಷ್ಯ, ಚಹಾಕ್ಕೆ ಸಕ್ಕರೆಯನ್ನೂ ಅಳೆದು ಹಾಕಿಕೊಳ್ಳುವವರು. ಮೊದಲ ದಿನ ಎಲ್ಲ ಚೆನ್ನಾಗಿ ನಡೆಯಿತು. ಕೋಣೆಯ ಬಾಗಿಲು ಮುಚ್ಚಿ ಎಂಟು ಜನರನ್ನು ಒಳಗೆ ಕೂರಿಸಿ, ಹೊರಗಿನ ಸಾಮಾನ್ಯ ಗಾಳಿಯ ದಾರಿಗಳನ್ನೆಲ್ಲ ಮುಚ್ಚಿ, ಇದ್ದಿಲ ಫಿಲ್ಟರಿನ ಫ್ಯಾನನ್ನು ಮಾತ್ರ ಓಡಿಸಿದೆವು. ಒತ್ತಡದ ಗೇಜು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಬಾಗಿಲ ಸಂದಿಗಳಲ್ಲಿ, ವೈರುಗಳು ಗೋಡೆ ದಾಟುವ ಕಡೆಗಳಲ್ಲಿ ನಾನು ಊದಿನಕಡ್ಡಿ ಹಿಡಿದು ತೋರಿಸಿದೆ, ಎಲ್ಲ ಕಡೆ ಹೊಗೆ ಹೊರಕ್ಕೆ ವಾಲಿತು. ರಾಯರು ತಲೆದೂಗಿ ಬರೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಹನ್ನೊಂದೂವರೆ ಆಯಿತು.

ರಾಯರು ಪೆನ್ನು ನಿಲ್ಲಿಸಿದರು. "ಇದೇನು ವಾಸನೆ?"

"ಬೆಳ್ಳುಳ್ಳಿ, ಕರಿಬೇವು, ಹುರಿದ ಶೇಂಗಾ" ಎಂದು ಪಂಚಾಕ್ಷರಿ ಕಣ್ಣು ಮುಚ್ಚಿಕೊಂಡು ಹೇಳಿದ. "ನೀಲವ್ವಂದ್ರೀ ಸಾಹೇಬ್ರ. ದಿನಾ ಬರತೈತಿ."

ನಾನು ನಂಟಿನ ವಿಷಯ ವಿವರಿಸಿದೆ. ರಾಯರಿಗೆ ಅದು ಹೊಸದೇನಲ್ಲ, ಅತಿಥಿಗೃಹದ ಅವರ ಕೋಣೆಗೆ ಎರಡು ದಿನದಿಂದ ಯಾರದೋ ಮನೆಯ ಮೆಂತ್ಯದ ವಾಸನೆ ಬರುತ್ತಿತ್ತು. ನಂಬುವುದಿಲ್ಲ ಎನ್ನಲಿಲ್ಲ. ಸ್ವಲ್ಪ ಹೊತ್ತು ಚಾವಣಿ ನೋಡಿದರು. "ದಾಕ್ಷಾಯಣಿಯವರೇ, ನಿಮ್ಮೂರಿನ ಪದ್ಧತಿಗೆ ನನ್ನ ತಕರಾರಿಲ್ಲ. ಆದರೆ ನಂಟಿನ ವಾಸನೆ ಯಾವುದು, ತೂತಿನಿಂದ ಬಂದ ವಾಸನೆ ಯಾವುದು ಅಂತ ಮೂಗಿಗೆ ಹೇಗೆ ಗೊತ್ತಾಗುತ್ತೆ? ಆ ಅಮ್ಮನ ಒಲೆ ಒಂದು ದಿನ ಆರಿರಲಿ. ನೋಡೋಣ."

ಎಂಟು ಜನರ ಮುಖವೂ ಕಪ್ಪಿಟ್ಟಿತು. ಸಾವಿಲ್ಲದೆ ಒಲೆ ಆರಿಸು ಎಂದು ನಮ್ಮೂರಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ನನಗೂ ರೇಗಿತು. ಆದರೆ ಮಾತು ನ್ಯಾಯದ್ದಾಗಿತ್ತು, ಏನು ಮಾಡುವುದು? ಸಂಜೆ ಖಾನಾವಳಿಗೆ ಹೋಗಿ ಹೇಗೋ ಬಾಯಿ ಬಿಟ್ಟೆ. ನೀಲವ್ವ ಬೈಯುತ್ತಾಳೆಂದುಕೊಂಡಿದ್ದೆ. ಆಕೆ ಕೇಳಿದ್ದು ಒಂದೇ, "ನಾ ಒಲಿ ಆರಿಸಿದ್ರ ನನ್ನ ನೆಂಟರಿಗೆ ಚೊಲೋ ಆಗತೈತೇನು?" ಆಗುತ್ತದೆ, ಹೊರಗಿನ ವಿಷ ಅವರ ಕೋಣೆಗೆ ಬರಬಾರದು, ಅದರ ಪರೀಕ್ಷೆ ಇದು ಎಂದೆ. "ಮತ್ತ ಅದಕ್ಯಾಕ ಅಳುಮಾರಿ ಮಾಡ್ಕೊಂಡು ಬಂದಿ? ಹೋಗು, ನಾಳೆ ಉಣ್ಣೋರಿಗೆ ಮೊಸರು ಅವಲಕ್ಕಿ ಕಲಸ್ತೀನಿ" ಎಂದು ನನ್ನ ಕಣ್ಣೆದುರಿಗೇ ಕೆಂಡದ ಮೇಲೆ ತಂಬಿಗೆ ನೀರು ಸುರಿದಳು.

ಮರುದಿನ ಮತ್ತೆ ಎಲ್ಲ ಮುಚ್ಚಿ ಕೂತೆವು. ಹನ್ನೊಂದಾಯಿತು, ಹನ್ನೊಂದೂಕಾಲು ಆಯಿತು. ಹನ್ನೊಂದೂವರೆಗೆ ಬೆಳ್ಳುಳ್ಳಿ ಬಂತು. ಕರಿಬೇವು ಬಂತು. ಶೇಂಗಾ ಬಂತು. ಕೊನೆಗೆ ಪಂಚಾಕ್ಷರಿ ತಲೆ ಕೆರೆದುಕೊಂಡು, "ಅಕ್ಕಾ, ಮುದುಕಿ ತಡೀಲಾರದ ಒಲಿ ಹಚ್ಯಾಳ" ಎಂದ. ಅವನ ಜೊತೆಯವರು ಹೂಂಗುಟ್ಟಿದರು. ನನಗೂ ಹಾಗೇ ಅನ್ನಿಸಿತು, ಸುಳ್ಳೇಕೆ ಹೇಳಲಿ. ರಾಯರ ಮುಂದೆ ನನ್ನ ಮರ್ಯಾದೆ ಹರಾಜಾದಂತಾಗಿ ಮೈಯೆಲ್ಲ ಉರಿಯಿತು. ಅರ್ಧ ಗಂಟೆಯಲ್ಲಿ ಬಂದೆ ಎಂದು ಹೇಳಿ ಸ್ಕೂಟರ್ ಹತ್ತಿದೆ.

ಖಾನಾವಳಿಯ ಬಾಗಿಲಲ್ಲೇ ಶುರುಮಾಡಿದೆ. "ಚಿಗವ್ವಾ, ಒಂದು ದಿನ ತಡಕೋ ಅಂದ್ರ ಆಗಲಿಲ್ಲೇನು ನಿನಗ? ಮಾತು ಕೊಟ್ಟು ಹಿಂಗ ಮಾಡ್ತಾರ? ಇಷ್ಟು ವಯಸ್ಸಾಗಿ!" ಅವಲಕ್ಕಿ ತಿನ್ನುತ್ತಿದ್ದವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. ನೀಲವ್ವ ಎದ್ದು ಬಂದು ನನ್ನ ಮುಂಗೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಒಲೆಯ ಬೂದಿಯೊಳಗೆ ನನ್ನ ಕೈಯನ್ನು ಇಟ್ಟಳು. ಬೂದಿ ಹಸಿಯಾಗಿ, ತಣ್ಣಗೆ ಇತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ನಾನು ಕೈ ತೆಗೆಯಲೂ ನಾಚಿ ಹಾಗೇ ಕೂತೆ.

"ವಾಸನಿ ಬಂತೇನು?" ಎಂದು ಆಕೆ ಮೆಲ್ಲಗೆ ಕೇಳಿದಳು.

"ಹೂಂ. ತಪ್ಪಾತು ಚಿಗವ್ವಾ."

"ಎಂಥಾ ವಾಸನಿ?"

"ಬಳ್ಳೊಳ್ಳಿ, ಕರಿಬೇವು. ಶೇಂಗಾ."

"ನಂದಿದ್ದಂಗ ಐತಿ" ಎಂದಳು. ಆಮೇಲೆ ತಿರುಗಿ ಹೊರಗಿನವರಿಗೆ ಮೊಸರು ಬೇಕೇ ಎಂದು ಕೇಳಲು ಹೋದಳು. ನನಗೆ ಆಗ ಹೊಳೆಯಿತು. ಒಲೆ ಆರಿರುವಾಗ ಬಂದ ವಾಸನೆ ನಂಟಿನದಲ್ಲ. ನಂಟಿನದಲ್ಲದಿದ್ದರೆ ಅದು ಗಾಳಿಯ ಮೇಲೇ ಬಂದಿದೆ. ಇದ್ದಿಲ ಪೆಟ್ಟಿಗೆ ದಾಟಿದ ಗಾಳಿಯಲ್ಲಿ ವಾಸನೆ ಉಳಿಯುವುದಿಲ್ಲ, ಅಂದರೆ ಸೋಸದ ಗಾಳಿ ಎಲ್ಲಿಂದಲೋ ಆ ಕೋಣೆಗೆ ನುಗ್ಗುತ್ತಿದೆ. ಬೆಳ್ಳುಳ್ಳಿ ಬಂದ ದಾರಿಯಲ್ಲಿ ನಾಳೆ ವಿಷ ಬರುತ್ತದೆ. ಪಂಚಾಕ್ಷರಿ ಕಣ್ಣು ಮುಚ್ಚಿಕೊಂಡು, ನೀಲವ್ವಂದ್ರೀ ಎಂದು ನಗುತ್ತ ಅದನ್ನೇ ಎಳೆದುಕೊಳ್ಳುತ್ತಾನೆ. ಆರು ತಿಂಗಳು! ಆರು ತಿಂಗಳು ನಾನು ತೂತಿಗೆ ಉಡಿ ತುಂಬಿಸಿದ್ದೆ.

ಸ್ಥಾವರಕ್ಕೆ ಹೇಗೆ ಮರಳಿದೆನೋ ತಿಳಿಯದು. ಸೀದಾ ಕಂಟ್ರೋಲ್ ರೂಮಿನ ಮೇಲಿನ ಮಹಡಿಗೆ ಹೋದೆ. ಅಲ್ಲೊಂದು ದೊಡ್ಡ ಯಂತ್ರದ ಕೋಣೆ. ಇದ್ದಿಲ ಪೆಟ್ಟಿಗೆ ಅಲ್ಲೇ ಇರುವುದು, ಪೆಟ್ಟಿಗೆಯಿಂದ ಡಕ್ಟು ಹೊರಟು ಫ್ಯಾನಿಗೆ ಸೇರುತ್ತದೆ, ಫ್ಯಾನು ಗಾಳಿಯನ್ನು ಕೆಳಗೆ ತಳ್ಳುತ್ತದೆ. ಬಾಗಿಲು ತೆಗೆದರೆ ಬಣ್ಣ ಬಳಿಯುವ ಗುಂಪಿನ ಆರು ಜನ ಪೇಪರ್ ಹಾಸಿಕೊಂಡು ಊಟಕ್ಕೆ ಕೂತಿದ್ದರು. ನಡುವೆ ಒಂದು ಕರೆಂಟು ಒಲೆ, ಅದರ ಮೇಲೆ ಬಾಣಲೆ. ನನ್ನನ್ನು ಕಂಡು ಅವರ ಮುಖಂಡ ಇಮಾಮಸಾಬ ಎದ್ದು ಬಾಣಲೆಯನ್ನೇ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ, ಸುಡುತ್ತದೆ ಎಂಬುದನ್ನೂ ಮರೆತು. "ಯಪ್ಪಾ!" ಎಂದು ಕೂಗಿ ಕೆಳಗಿಟ್ಟ.

"ತಪ್ಪಾತ್ರೀ ಅಕ್ಕಾರ. ಕ್ಯಾಂಟೀನಿನ ಪಲ್ಯಾ ಬಾಯಿಗೆ ಹತ್ತೂದಿಲ್ಲ, ಅದಕ್ಕ ದಿನಾ ಒಂದೀಟು ಬಳ್ಳೊಳ್ಳಿ, ಕರಿಬೇವು, ಶೇಂಗಾ ಹುರಕೊಂಡು ಒಗ್ಗರಣಿ ಕೊಟ್ಕೋತೀವಿ. ನಮಗಿಂತ ಮೊದಲ ಇದ್ದೋರೂ ಇಲ್ಲೇ ಮಾಡ್ಕೋತಿದ್ರು. ಸಾಹೇಬ್ರಿಗೆ ಹೇಳಬ್ಯಾಡ್ರೀ."

"ಹೇಳೂದಿಲ್ಲ. ನೀವು ಒಗ್ಗರಣಿ ಕೊಟ್ರ ಇಲ್ಲಿ ವಾಸನಿ ನಿಲ್ಲೂದಿಲ್ಲೇನು?"

"ಅದ ಮಜಾ ನೋಡ್ರಿ! ಒಂದ ಗಳಿಗಿ, ಎಳಕೊಂಡು ಹೋದಂಗ ಹೋಗತೈತಿ. ಅದಕ್ಕ ಯಾರಿಗೂ ಗೊತ್ತಾಗಿಲ್ಲ."

ನಾನು ಊದಿನಕಡ್ಡಿ ಹಚ್ಚಿದೆ. ಡಕ್ಟಿನ ಗುಂಟ ನಡೆದೆ. ಡಕ್ಟು ಫ್ಯಾನಿಗೆ ಸೇರುವ ಕಡೆ, ಫ್ಯಾನಿನ ನಡುಕ ತಗಡಿಗೆ ತಾಗದಿರಲೆಂದು ದಪ್ಪ ಬಟ್ಟೆಯ ಒಂದು ಕೊರಳುಪಟ್ಟಿ ಹಾಕಿರುತ್ತೇವೆ. ಅದರ ತಳಭಾಗದಲ್ಲಿ, ಬಗ್ಗಿ ನೋಡಿದರೆ ಮಾತ್ರ ಕಾಣುವಂತೆ, ಗೇಣುದ್ದ ಹೊಲಿಗೆ ಬಿಟ್ಟಿತ್ತು. ಊದಿನಕಡ್ಡಿಯ ಹೊಗೆ ಅದರ ಬಾಯಿಗೆ ಗೆರೆ ಎಳೆದಂತೆ ಹೋಗಿ ಮಾಯವಾಯಿತು. ಫ್ಯಾನು ಇದ್ದಿಲ ಪೆಟ್ಟಿಗೆಯಿಂದಲೂ ಎಳೆಯುತ್ತಿತ್ತು, ಈ ಹರಕಿನಿಂದಲೂ ಎಳೆಯುತ್ತಿತ್ತು, ಎರಡನ್ನೂ ಸೇರಿಸಿ ಕೋಣೆಗೆ ಒತ್ತುತ್ತಿತ್ತು. ಗೇಜು ತೋರಿಸುವುದು ಒತ್ತಡವನ್ನು, ಗಾಳಿಯ ಜಾತಕವನ್ನಲ್ಲ. ಇಮಾಮಸಾಬ ನನ್ನ ಮುಖ ನೋಡಿ, "ಅಕ್ಕಾರ, ನೀರು ಕುಡೀರಿ" ಎಂದ. ನಾನು ಅವನ ಬಾಣಲೆಯ ಪಕ್ಕದಲ್ಲೇ ಕುಸಿದು ಕೂತು ಒಂದು ಚೊಂಬು ನೀರು ಕುಡಿದೆ. ಅವನಿಗೆ ಕೈ ಮುಗಿಯಬೇಕೆನ್ನಿಸಿತು, ಮುಗಿದೆ. ಅವನಿಗೇನೂ ತಿಳಿಯಲಿಲ್ಲ.

ರಾಯರಿಗೆ ಎಲ್ಲವನ್ನೂ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಬಣ್ಣದವರ ಒಲೆಯ ಮಾತು ಬಂದಾಗ ಮಾತ್ರ, ಯಾರೋ ಕೆಲಸದವರು ಎಂದೆ. ಅವರು ಗದರಲಿಲ್ಲ. "ಕೊರಳುಪಟ್ಟಿ ಬದಲಾಯಿಸಿ, ಪುನಃ ನೋಡೋಣ" ಎಂದರು. ಎರಡು ದಿನ ಹಿಡಿಯಿತು. ಹೊಸ ಕೊರಳುಪಟ್ಟಿ ಹಾಕಿ, ಅಂಚಿಗೆಲ್ಲ ಪಟ್ಟಿ ಬಿಗಿದು, ಊದಿನಕಡ್ಡಿಯನ್ನು ಅಂಗುಲ ಅಂಗುಲಕ್ಕೂ ಹಿಡಿದು ನಾನೇ ನೋಡಿದೆ. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಮೂರನೆಯ ದಿನ ರಾಯರ ಒಪ್ಪಿಗೆಯಿಂದಲೇ ಇಮಾಮಸಾಬನಿಗೆ, ನಿನ್ನ ಜೀವಮಾನದ ಒಗ್ಗರಣೆ ಕೊಡು ಎಂದೆ. ಅವನು ಮೂರು ಗಡ್ಡೆ ಬೆಳ್ಳುಳ್ಳಿ ಸುರಿದ. ಕೆಳಗೆ ಕೋಣೆಯಲ್ಲಿ ಎಂಟು ಜನ ಮೂಗು ಅರಳಿಸಿ ಕೂತಿದ್ದರು, ಏನೂ ಬರಲಿಲ್ಲ. ನಾನು ಪಂಚಾಕ್ಷರಿಯ ತಲೆ ಸವರಿದೆ, ಎಲ್ಲರೆದುರಿಗೆ. ಅವನು ನಾಚಿ ಕೈ ತಳ್ಳಿದ.

ಉಳಿದಿದ್ದು ಒಂದೇ ಪರೀಕ್ಷೆ, ನೀಲವ್ವನ ಒಲೆ ಹಚ್ಚಿ ನೋಡುವುದು. ಮೂರು ದಿನದಿಂದ ಅದು ಆರಿಯೇ ಇತ್ತು, ಮುಗಿಯುವವರೆಗೆ ಹಚ್ಚುವುದಿಲ್ಲ ಎಂದು ಆಕೆ ಕೂತಿದ್ದಳು. ಒಳಗೊಳಗೇ ನನಗೊಂದು ಆಸೆ. ಇಷ್ಟು ದಿನ ಎರಡೂ ಬರುತ್ತಿದ್ದಿರಬಹುದಲ್ಲ? ಇಮಾಮಸಾಬನದೂ, ನೀಲವ್ವನದೂ? ಒಂದೇ ಹೊತ್ತು, ಒಂದೇ ಬೆಳ್ಳುಳ್ಳಿ, ಬೇರೆ ಮಾಡುವವರು ಯಾರು? ಆರತಿಗೆ ಹೊತ್ತಿಸಿದ ದೀಪದಂತೆ ಮನಸ್ಸಿನಲ್ಲಿ ಆ ಆಸೆಯನ್ನು ಕಾಪಾಡಿಕೊಂಡು ಮರುದಿನ ಬೆಳಿಗ್ಗೆ ಖಾನಾವಳಿಗೆ ಹೋದೆ.

ನೀಲವ್ವ ಒಲೆಯನ್ನು ಸಗಣಿಯಿಂದ ಸಾರಿಸಿ, ಒಣ ಕಟ್ಟಿಗೆ ಜೋಡಿಸಿಟ್ಟು ಕೂತಿದ್ದಳು. ನಾನು ಹೇಳುವುದಕ್ಕೆ ಮುಂಚೆಯೇ, "ಬಣ್ಣದೋರು ಅಲ್ಲೇ ಒಗ್ಗರಣಿ ಹಾಕ್ತಿದ್ರಂತಲ್ಲ" ಎಂದಳು. ಊರಲ್ಲಿ ಯಾವ ಸುದ್ದಿ ನಿಲ್ಲುತ್ತದೆ! ನಾನು ತಲೆ ತಗ್ಗಿಸಿದೆ.

"ನಿನ್ನ ಮ್ಯಾಲೆ ಸಿಟ್ಟಿಲ್ಲವಾ ನನಗ" ಎಂದಳು. "ಆರು ತಿಂಗಳ ಉಡಿ ತುಂಬಿಸಿಕೊಂಡೀನಿ. ಇವತ್ತ ಬರತೈತೋ ಇಲ್ಲೋ ನೋಡೂಣು. ಒಂದ ಮಾತು, ಬಂದ್ರ ಬಂತು ಅನ್ನು, ಇಲ್ಲಂದ್ರ ಇಲ್ಲನ್ನು. ನನಗ ಚೊಲೋ ಅನಿಸ್ಲಿ ಅಂತ ಸುಳ್ಳ ಹೇಳಬ್ಯಾಡ."

"ಹೇಳೂದಿಲ್ಲ" ಎಂದೆ.

ಹನ್ನೊಂದು ಗಂಟೆಗೆ ನಾವು ಬಾಗಿಲು ಮುಚ್ಚಿದೆವು. ಇಮಾಮಸಾಬನ ಗುಂಪನ್ನು ಅವತ್ತು ಕ್ಯಾಂಟೀನಿಗೆ ಅಟ್ಟಿದ್ದೆ. ಎಂಟು ಜನ ತಮ್ಮ ತಮ್ಮ ಕುರ್ಚಿಗಳಲ್ಲಿ, ರಾಯರು ಗೋಡೆಗೆ ಒರಗಿ, ನಾನು ಗೇಜಿನ ಪಕ್ಕದಲ್ಲಿ. ಪಂಚಾಕ್ಷರಿಯ ಮುಂದಿನ ಫೋನಿನಲ್ಲಿ ಖಾನಾವಳಿಗೆ ಕರೆ ಹಚ್ಚಿಟ್ಟುಕೊಂಡಿದ್ದೆವು. ಹನ್ನೊಂದೂವರೆಗೆ ಆ ಕಡೆಯಿಂದ ಸಾಸಿವೆ ಸಿಡಿಯುವ ಸದ್ದು ಕೇಳಿಸಿತು. ಆಮೇಲೆ ಬೆಳ್ಳುಳ್ಳಿ ಬಿದ್ದ ಸದ್ದು. ಆಮೇಲೆ ಕರಿಬೇವಿನ ಚಟಪಟ. ಮೂರು ದಿನ ತಡೆದುಕೊಂಡ ಕೈ, ಎಷ್ಟು ಎಣ್ಣೆ ಸುರಿದಿದ್ದಳೋ. ಎಂಟು ಜನ ಉಸಿರೆಳೆದರು. ನಾನು ಎದೆ ತುಂಬ ಎಳೆದೆ, ಬಿಟ್ಟೆ, ಮತ್ತೆ ಎಳೆದೆ. ಹೊಸ ಬಣ್ಣದ ವಾಸನೆಯೂ ಇಲ್ಲದ, ಏನೆಂದರೆ ಏನೂ ಇಲ್ಲದ ಗಾಳಿ. ಐದು ನಿಮಿಷ, ಹತ್ತು ನಿಮಿಷ. ಒಬ್ಬೊಬ್ಬರೇ ನನ್ನ ಕಡೆ ನೋಡಿ ಇಲ್ಲವೆಂದು ತಲೆ ಅಲ್ಲಾಡಿಸಿದರು. ಕೊನೆಯವನು ಪಂಚಾಕ್ಷರಿ. ಅವನ ಕಣ್ಣು ತುಂಬಿತ್ತು.

"ಬಂತೇನವಾ?" ಎಂದು ಫೋನಿನಲ್ಲಿ ನೀಲವ್ವ ಕೇಳಿದಳು.

ಪಂಚಾಕ್ಷರಿ ಫೋನಿನ ಬಾಯಿಗೆ ಕೈ ಮುಚ್ಚಿ, "ಬಂತು ಅನ್ನು ಅಕ್ಕಾ, ನಮ್ಮದೇನ್ ಹೋಗತೈತಿ? ಪಾಪ, ಮುದುಕಿ" ಎಂದು ಪಿಸುಗುಟ್ಟಿದ. ಉಳಿದ ಏಳು ಜನವೂ ಅನ್ನು, ಅನ್ನು ಎಂಬಂತೆ ನನ್ನನ್ನೇ ನೋಡುತ್ತಿದ್ದರು. ರಾಯರು ಮುಖ ಆ ಕಡೆ ತಿರುಗಿಸಿದರು. ದೇವರಾಣೆ, ಅಂದುಬಿಡುತ್ತಿದ್ದೆ. ಆದರೆ ಬಂತು ಎಂದರೆ ಮುಂದೇನು? ನಾಳೆ ಇನ್ನೊಂದು ಹೊಲಿಗೆ ಬಿಡುತ್ತದೆ, ಇನ್ನೊಂದು ವಾಸನೆ ಬರುತ್ತದೆ, ಈ ಹುಡುಗರು ನೀಲವ್ವಂದು ಎಂದು ನಕ್ಕು ಕೂರುತ್ತಾರೆ. ಈ ಕೋಣೆಯಲ್ಲಿ ಇನ್ನು ಮುಂದೆ ಯಾವ ವಾಸನೆ ಬಂದರೂ ಇವರು ಬೆಚ್ಚಿಬೀಳಬೇಕು. ನಾನು ಅವನ ಕೈಯಿಂದ ಫೋನು ತೆಗೆದುಕೊಂಡೆ.

"ಇಲ್ಲ ಚಿಗವ್ವಾ. ಬರಲಿಲ್ಲ."

ಆ ಕಡೆ ಬೇಳೆ ತಕತಕ ಕುದಿಯುವುದು ಕೇಳುತ್ತಿತ್ತು.

"ಚೊಲೋತಂಗ ನೋಡಿದ್ರೇನು? ಎಲ್ಲಾರೂ?"

"ಎಂಟೂ ಮಂದಿ ನೋಡಿದ್ರು. ನಾನೂ ನೋಡಿದೆ."

"ಮತ್ತ ನಂದ ಬರಲಿಲ್ಲ ಅಂದ್ರ..." ಎಂದು ನಿಂತಳು. "ನಂದ ಬರಲಿಲ್ಲ ಅಂದ್ರ, ಆ ವಿಷಾನೂ ಬರೂದಿಲ್ಲ ಅಂದಂಗಾತಲ್ಲ?"

"ಹೌದು ಚಿಗವ್ವಾ. ಏನೂ ಬರೂದಿಲ್ಲ."

"ಹುಡುಗ್ರು ಉಳೀತಾರ?"

"ಉಳೀತಾರ."

"ಹಂಗಾರ ಬರಬ್ಯಾಡ ಬಿಡವಾ" ಎಂದಳು. ಆಮೇಲೆ, "ಬ್ಯಾಳಿ ಸೀಯಾಕತ್ತೈತಿ, ಇಡ್ತೀನಿ" ಎಂದು ಫೋನಿಟ್ಟಳು.

ಮುಕುಂದರಾಯರು ಕಾಗದವನ್ನು ಮೇಜಿನ ಮೇಲಿಟ್ಟು ಪೆನ್ನಿನ ಟೋಪಿ ತೆಗೆದು ಕೊಟ್ಟರು. ಅದರಲ್ಲಿ ಒಂದೇ ಸಾಲಿತ್ತು, ಈ ಕೊಠಡಿಯೊಳಕ್ಕೆ ಹೊರಗಿನಿಂದ ಏನೂ ಬರುವುದಿಲ್ಲ ಎಂದು. ನಾನು ಅಳುತ್ತಲೇ ಸಹಿ ಹಾಕಿದೆ.